ಒತವಾಲೊದ ಗುಂಡಿಯಲ್ಲೊಂದು ‘ಅಂತೆ’

ಅಥವಾ ಆ ಗುಂಡಿಗಳು ಸಾಲಾಗಿ ಇರಲೇ ಇಲ್ಲವೇನೋ. ನಾನು ಬರೆಯಲು ಕೂತ ಮೇಲೆ ಅವು ಸಾಲಿಗೆ ಬಂದು ನಿಂತಿರಬಹುದು. ನೆನಪು ಸ್ಕೂಲಿನ ಡ್ರಿಲ್ ಮೇಷ್ಟರಿದ್ದ ಹಾಗೆ, ಎಲ್ಲೆಲ್ಲೋ ಅಲೆಯುತ್ತಿದ್ದವನ್ನು ಕರೆದು ಉದ್ದಕ್ಕೆ ನಿಲ್ಲಿಸಿಬಿಡುತ್ತದೆ. ನನ್ನ ಪ್ರಕಾರ ಆ ಲಾಯದ ನೆಲದಲ್ಲಿ ಗೋಡೆಗುಂಟ ಗುಂಡಿಗಳಿದ್ದವು. ನಮ್ಮ ತಾತನ ಮನೆಯ ಮಗ್ಗದ ಗುಂಡಿಯಷ್ಟೇ ಅಗಲ, ಅಷ್ಟೇ ಆಳ. ಭಾವನ ಪ್ರಕಾರ ಅವು ಎಲ್ಲೆಂದರಲ್ಲಿ ಇದ್ದವು, ಒಂದರಲ್ಲಿ ನೀರು ನಿಂತಿತ್ತು, ಇನ್ನೊಂದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಫೋಟೋ ನೋಡಿ ತೀರ್ಮಾನ ಮಾಡೋಣವೆಂದರೆ ಅದರಲ್ಲಿರುವುದು ಒಂದೇ ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ಹಲ್ಲು ಕಿರಿಯುತ್ತಿರುವ ನಾನು.

ಇನ್ನೂ ಒಂದು ತೊಡಕಿದೆ. ಲಾಯ ನೋಡಿದ್ದು ಮೊದಲು, ಸಂತೆಗೆ ಹೋಗಿದ್ದು ಆಮೇಲೆ ಎಂದು ಊರಿಗೆ ಬಂದು ಎಲ್ಲರಿಗೂ ಹೇಳಿದ್ದೆ. ನನ್ನ ಹೆಂಡತಿ ಪುಷ್ಪ ಫೋಟೋ ನೋಡಿ, “ಈ ಕಂಬಳಿ ಯಾವುದ್ರೀ?” ಎಂದಳು. ಫೋಟೋದಲ್ಲಿ ನಾನು ತಲೆ ತೂರಿಸಿ ಹೊದೆಯುವ ಪೋಂಚೊ ಹೊದ್ದಿದ್ದೇನೆ. ಅದು ಸಂತೆಯಲ್ಲಿ ಕೊಂಡದ್ದು. ಹಾಗಾದರೆ ಒಂದೋ ಸಂತೆ ಮೊದಲು, ಇಲ್ಲವೇ ಪೋಂಚೊ ಸುಳ್ಳು. ಅದನ್ನು ಕೈಮಗ್ಗದ್ದು ಎಂದು ಹೇಳಿ ಕೊಟ್ಟಿದ್ದರು, ಆದ್ದರಿಂದ ಅದು ಹೇಗೂ ಸುಳ್ಳೇ. ಆದರೂ ಸಂತೆಯನ್ನು ಮೊದಲಿಗೆ ಹಾಕುತ್ತೇನೆ.

ಕೀತೊ

ನನ್ನನ್ನು ಕರೆದದ್ದು ಕೈಮಗ್ಗದ ಬಗ್ಗೆ ಒಂದು ಸಮಾವೇಶಕ್ಕೆ, ಈಕ್ವೆಡಾರ್ ದೇಶದ ರಾಜಧಾನಿ ಕೀತೊಗೆ. ಯಾವಾಗಲೋ ಗುಂಡಿ ಮಗ್ಗದ ಮೇಲೆ ಇಂಗ್ಲಿಷಿನಲ್ಲಿ ಒಂದು ಲೇಖನ ಬರೆದಿದ್ದೆ. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾ ನೇಯುವ ಮಗ್ಗ ಅದು. ನಮ್ಮ ದೊಡ್ಡಬಳ್ಳಾಪುರದಲ್ಲಿ ಅಂಥ ಗುಂಡಿಗಳನ್ನು ಮುಚ್ಚಿ, ಸಿಮೆಂಟು ಬಳಿದು, ಮೇಲೆ ಪವರ್‌ಲೂಮ್ ಕೂರಿಸಿ ಬಹಳ ಕಾಲವಾಯಿತು. ಲೇಖನದಲ್ಲಿ ಮುಚ್ಚಿದ ವಿಷಯ ಬರೆಯುವುದು ಮರೆತಿದ್ದೆ. ಹಾಗಾಗಿ ಕರೆ ಬಂತು.

ಅಕ್ಕನ ಗಂಡ ನಂಜುಂಡಪ್ಪ ಭಾವ ತಮ್ಮದೇ ಖರ್ಚಿನಲ್ಲಿ ಜೊತೆಗೆ ಹೊರಟರು. ಅವರಿಗೆ ಪವರ್‌ಲೂಮ್ ಶೆಡ್ ಇದೆ, ಮೊಣಕಾಲು ನೋವಿದೆ, ಮತ್ತು ನನ್ನ ಬಗ್ಗೆ ಯಾವ ಭ್ರಮೆಯೂ ಇಲ್ಲ.

“ಏನಯ್ಯ ಮೂರ್ತಿ, ಇವ್ರು ಯಾವ ಧೈರ್ಯದ ಮೇಲೆ ನಿನ್ನ ಕರ್ದವ್ರೆ?”

“ಗುಂಡಿ ಮಗ್ಗದ ಬಗ್ಗೆ ಬರ್ದಿದ್ನಲ್ಲ ಭಾವ.”

“ಗುಂಡೀಲಿ ಕೂತ್ಕೊಂಡು ಕಡ್ಲೆಕಾಯಿ ತಿಂದಿದ್ದು ಬಿಟ್ರೆ ನೀನು ಇನ್ನೇನಯ್ಯ ಮಾಡಿದೀಯ?”

ಕಡಲೆಕಾಯಿಯೂ ಈ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು ಎಂದು ನಾನು ವಿದ್ವತ್ತು ತೋರಿಸಿದೆ. ಮೆಣಸಿನಕಾಯಿಯೂ ಹಾಗೆಯೇ ಎಂದೆ. ಭಾವ ಬ್ಯಾಗಿನಲ್ಲಿದ್ದ ಚಟ್ನಿಪುಡಿ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು, ತವರಿಗೆ ಹೊರಟ ಸೊಸೆಯನ್ನು ನೋಡುವ ಹಾಗೆ.

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವವನು ಭಾವನನ್ನು ದಿಟ್ಟಿಸಿ, “ಇಂದೂ?” ಎಂದು ಕೇಳಿದ. “ಹ್ಞೂಂ ಕಣಪ್ಪ, ಇವತ್ತೇ ಬಂದಿದ್ದು” ಎಂದರು ಭಾವ. ಅವನಿಗೆ ತೃಪ್ತಿಯಾಯಿತು, ಮುದ್ರೆ ಒತ್ತಿದ. ಇದರ ಅರ್ಥ ಬಿಡಿಸಿದ್ದು ಸಮಾವೇಶದವರು ನಮಗೆ ಒದಗಿಸಿದ್ದ ದುಭಾಷಿ ಗ್ಯಾಬ್ರಿಯೆಲಾ. ಕೀತೊದಲ್ಲಿ ಇಂಗ್ಲಿಷ್ ಪಾಠ ಹೇಳುವ, ಮಧ್ಯವಯಸ್ಸಿನ, ಎಲ್ಲವನ್ನೂ ಎರಡು ಸಲ ಹೇಳುವ ಹೆಂಗಸು. ಹಿಂದೂ ಎನ್ನುವುದನ್ನು ಸ್ಪ್ಯಾನಿಷಿನಲ್ಲಿ ಹ ಬಿಟ್ಟು ಇಂದೂ ಎನ್ನುತ್ತಾರಂತೆ. ಅದು ನಮ್ಮ ದೇಶದವರಿಗೆಲ್ಲ ಒಂದೇ ಹೆಸರು. ನಮ್ಮೂರಿನ ಜರಿ ಅಂಗಡಿ ಸಾಬರು ಬಂದಿದ್ದರೂ ಇಲ್ಲಿ ಇಂದೂ ಆಗಿಬಿಡುತ್ತಿದ್ದರು. ಯಾಕೆಂದರೆ ಇಂಡಿಯನ್ ಎನ್ನುವ ಪದ ಖಾಲಿ ಇಲ್ಲ. ಸ್ಪೇನಿನ ಹಡಗಿನವರು ದಾರಿ ತಪ್ಪಿ ಬಂದು, ಇದೇ ಇಂಡಿಯಾ ಎಂದುಕೊಂಡು, ಆ ಹೆಸರನ್ನು ಇಲ್ಲಿಯವರ ಬಾಗಿಲಲ್ಲಿ ಇಳಿಸಿ ಹೋದರು. ನಮ್ಮ ಬೀದಿಯಲ್ಲಿ ಕೊರಿಯರಿನವನು ಹೀಗೆ ಮಾಡಿದರೆ ಎದುರು ಮನೆಯವರು ಸಂಜೆಯೊಳಗೆ ತಂದುಕೊಡುತ್ತಾರೆ. ಇಲ್ಲಿ ಯಾರೂ ವಾಪಸು ಮಾಡಲಿಲ್ಲ. ಶತಮಾನಗಳ ಕಾಲ ಬಾಗಿಲಲ್ಲೇ ಬಿದ್ದು ಹೆಸರು ಕೊಳೆಯಿತು, ಬೈಗುಳವಾಯಿತು.

ಸಮಾವೇಶದಲ್ಲಿ ಎಲ್ಲರೂ ಕೈಮಗ್ಗದ ಬಟ್ಟೆ ತೊಟ್ಟಿದ್ದರು, ಒಬ್ಬರಿಗೂ ನೇಯಲು ಬರುತ್ತಿರಲಿಲ್ಲ. ಆ ಮಟ್ಟಿಗೆ ನನಗೆ ಹಾಯೆನಿಸಿತು. ಪರದೆಯ ಮೇಲೆ ಒಬ್ಬ ಪ್ರೊಫೆಸರು ಸ್ಪೇನಿನ ಕಾಲದ ಚಿತ್ರಗಳನ್ನು ತೋರಿಸಿದರು. ಸೊಂಟಕ್ಕೆ ಪಟ್ಟಿ ಬಿಗಿದು, ಒಂದು ಕೋಲು, ಒಂದು ಮರ ಇಷ್ಟಿದ್ದರೆ ತಮಗೆ ಬೇಕಾದ ಹತ್ತಿ ಬಟ್ಟೆ ನೇಯ್ದುಕೊಳ್ಳುತ್ತಿದ್ದ ಜನ. ಸ್ಪೇನಿನವರು ಕುರಿ ತಂದರು, ದೊಡ್ಡ ಮರದ ಮಗ್ಗ ತಂದರು, ಬಾಗಿಲಿಗೆ ಬೀಗ ತಂದರು. ಒಳಗೆ ಹಾಕಿ ಉಣ್ಣೆ ಬಟ್ಟೆ ನೇಯಿಸುವ ಶೆಡ್ಡುಗಳಿಗೆ ಒಬ್ರಾಹೆ ಎಂದು ಹೆಸರು. ಬಟ್ಟೆ ಗಣಿಗಳ ಊರಿಗೆ ಹೋಗುತ್ತಿತ್ತು, ನೇಯ್ದವರು ಬೀಗದೊಳಗೇ ಇರುತ್ತಿದ್ದರು. ದೂರದ ಸ್ಪೇನಿನ ರಾಜ ಆಗಾಗ ಮನಸ್ಸು ಕರಗಿ, ಜನರನ್ನು ಹೀಗೆ ನಡೆಸಿಕೊಳ್ಳಬಾರದು ಎಂದು ಆಜ್ಞೆ ಕಳಿಸುತ್ತಿದ್ದನು. ಅಧಿಕಾರಿಗಳು ಆಜ್ಞೆಯನ್ನು ಮುತ್ತಿಟ್ಟು, ತಲೆಯ ಮೇಲಿಟ್ಟುಕೊಂಡು, ಪಕ್ಕಕ್ಕೆ ಇಡುತ್ತಿದ್ದರು.

“ನಮ್ಮ ತಾಲ್ಲೂಕಾಫೀಸಲ್ಲಿ ಮುತ್ತಿಡಲ್ಲ, ಅಷ್ಟೇ ವ್ಯತ್ಯಾಸ” ಎಂದರು ಭಾವ. ಗ್ಯಾಬ್ರಿಯೆಲಾ ಇದನ್ನು ಅನುವಾದಿಸಬೇಕೇ ಎಂದು ಕೇಳಿದಳು. ಬೇಡ ಎಂದೆ.

ಒತವಾಲೊ, ಸಂತೆ

ಸಮಾವೇಶದವರು ನಮ್ಮನ್ನೆಲ್ಲ ಬಸ್ಸಿನಲ್ಲಿ ತುಂಬಿ ಒತವಾಲೊಗೆ ಕರೆದೊಯ್ದರು. ಬೆಟ್ಟಗಳ ನಡುವಿನ ನೇಕಾರರ ಊರು. ಗಂಡಸರಿಗೆ ಬೆನ್ನಿಗಿಳಿದ ಒಂದೇ ಜಡೆ, ಹೆಂಗಸರಿಗೆ ಕೊರಳ ತುಂಬ ಚಿನ್ನದ ಬಣ್ಣದ ಮಣಿಸರ. ಒಂದು ಬೆಟ್ಟದ ಹೆಸರು ತಾಯ್ತಾ ಇಂಬಾಬುರಾ, ಎದುರಿನದು ಮಾಮಾ ಕೋತಕಾಚಿ. ತಾಯ್ತಾ ಎಂದರೆ ತಾಯಿ, ಮಾಮಾ ಎಂದರೆ ಸೋದರಮಾವ ಎಂದು ಭಾವ ನಿರ್ಧರಿಸಿ ಕೈಮುಗಿದರು. ಆಮೇಲೆ ತಿಳಿಯಿತು, ಅವರ ಕೀಚ್ವಾ ಭಾಷೆಯಲ್ಲಿ ತಾಯ್ತಾ ಎಂದರೆ ಅಪ್ಪ, ಮಾಮಾ ಎಂದರೆ ಅಮ್ಮ. ಕೊನೆಯ ದಿನದವರೆಗೂ ಭಾವ ಅಪ್ಪನಿಗೆ ಅರಿಸಿನ ಕುಂಕುಮದ ಗೌರವವನ್ನೂ ಅಮ್ಮನಿಗೆ ಹೆಗಲ ಮೇಲೆ ಕೈ ಹಾಕುವ ಸಲುಗೆಯನ್ನೂ ತೋರಿಸಿದರು. ಬೆಟ್ಟಗಳೇನೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಇಂಬಾಬುರಾ ನಮ್ಮ ಶಿವಗಂಗೆಯ ಜಾತಿಯ ಬೆಟ್ಟ: ಒಂದು ದಿಕ್ಕಿನಿಂದ ಒಂದು ಆಕಾರ, ಪಕ್ಕಕ್ಕೆ ಸರಿದರೆ ಇನ್ನೊಂದು. ಮೊದಲು ಕಂಡದ್ದು ಯಾವುದು ಎಂದು ಆಣೆ ಇಟ್ಟು ಹೇಳಲಾಗುವುದಿಲ್ಲ.

ಸಂತೆಯಲ್ಲಿ ಎಲ್ಲವೂ ಕೈಮಗ್ಗದ್ದು. ಪೋಂಚೊ ಕೈಮಗ್ಗದ್ದು, ಶಾಲು ಕೈಮಗ್ಗದ್ದು, ಮೊಬೈಲಿನ ಚೀಲವೂ ಪೂರ್ವಿಕರ ಕೈಮಗ್ಗದ್ದು. ಪ್ರವಾಸಿಗಳು ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಪೂರ್ವಿಕರನ್ನು ಅನುಭವಿಸುತ್ತಿದ್ದರು. ನಾನೂ ಒಂದು ಪೋಂಚೊ ಕೊಂಡು ಹೊದ್ದೆ. ಭಾವ ಮಾತ್ರ ತಲೆ ವಾರೆ ಮಾಡಿ ನಿಂತಿದ್ದರು.

“ಕೇಳುಸ್ತಾ?”

“ಏನು ಭಾವ?”

“ಇದು ನಮ್ಮ ಸದ್ದು ಕಣಯ್ಯ.”

ಸಂತೆಯ ಹಿಂದಿನ ಗಲ್ಲಿಯಿಂದ ಆ ಖಟ್ ಖಟ್ ಬರುತ್ತಿತ್ತು. ದೊಡ್ಡಬಳ್ಳಾಪುರದಲ್ಲಿ ನಾವು ಆ ಸದ್ದಿನಲ್ಲಿ ನಿದ್ದೆ ಮಾಡುವವರು; ಕರೆಂಟು ಹೋಗಿ ಸದ್ದು ನಿಂತಾಗ ಎಚ್ಚರವಾಗುತ್ತದೆ. ಭಾವ ಮೊಣಕಾಲು ನೋವು ಮರೆತು ಗಲ್ಲಿಗೆ ನುಗ್ಗಿದರು. ಅರ್ಧ ತೆರೆದ ಶಟರಿನೊಳಗೆ ಪವರ್‌ಲೂಮುಗಳು ಓಡುತ್ತಿದ್ದವು, ನಾನು ಹೊದ್ದಿದ್ದ ಪೋಂಚೊದ ಅಣ್ಣತಮ್ಮಂದಿರು ಗಜಗಟ್ಟಲೆ ಇಳಿಯುತ್ತಿದ್ದರು. ಜಡೆ ಹಾಕಿದ ಯಜಮಾನನೊಬ್ಬ ನಮ್ಮನ್ನು ನೋಡಿ ಶಟರು ಎಳೆಯಲು ಕೈಚಾಚಿದ. ಭಾವ ತಮ್ಮ ಫೋನು ತೆಗೆದು ತಮ್ಮ ಶೆಡ್ಡಿನ ವಿಡಿಯೋ ತೋರಿಸಿದರು. ಆಮೇಲೆ ಅಲ್ಲಿಂದ ಹೊರಡುವ ಸೀರೆಗೆ ಅಂಗಡಿಯವರು ಅಂಟಿಸುವ ‘ಕೈಮಗ್ಗ’ ಎಂಬ ಚೀಟಿಯನ್ನೂ ತೋರಿಸಿ, ಅದನ್ನು ಅಂಟಿಸುವ ಅಭಿನಯ ಮಾಡಿ, ಕಣ್ಣು ಮಿಟುಕಿಸಿದರು. ಯಜಮಾನ ಬಿದ್ದುಬಿದ್ದು ನಕ್ಕ.

ಅವನ ಹೆಸರು ಸೆಗುಂಡೊ. ಯೂರೋಪಿನ ಬೀದಿಗಳಲ್ಲಿ ಶಾಲು ಮಾರಿ ಇಂಗ್ಲಿಷ್ ಕಲಿತವನು. ನನಗೆ ಸುಳ್ಳು ಪೋಂಚೊ ಮಾರಿದವಳು ಅವನ ತಂಗಿಯೇ ಎಂದು ತಿಳಿದಾಗ ನಮ್ಮ ಸಂಬಂಧ ಇನ್ನಷ್ಟು ಗಟ್ಟಿಯಾಯಿತು. ಅವನು ನನ್ನ ಕೊರಳಲ್ಲಿದ್ದ ಸಮಾವೇಶದ ಬಿಲ್ಲೆ ಓದಿದ: ಮಗ್ಗದ ತಜ್ಞ, ಇಂಡಿಯಾ.

“ನಾಳೆ ನಿಮ್ಮನ್ನೆಲ್ಲ ದೊನ್ ಎಸ್ತೆಬಾನ್ ಎಸ್ಟೇಟಿಗೆ ಊಟಕ್ಕೆ ಕರೆದಿದ್ದಾರೆ, ಅಲ್ವಾ?” ಎಂದ. “ಅಲ್ಲಿ ಗೇಟಿನ ಹತ್ತಿರ ನಮ್ಮ ದೊಡ್ಡಮ್ಮ ಇರ್ತಾಳೆ. ರೋಸಾ ಅಂತ. ಸ್ವಲ್ಪ ಮಾತಾಡಿಸಿ.”

ಲಾಯ

ದೊನ್ ಎಸ್ತೆಬಾನ್ ಹಳೆಯ ಜಮೀನ್ದಾರರ ಮನೆತನದವರು. ಬಹಳ ಸಜ್ಜನ. ಎಸ್ಟೇಟಿನ ಮನೆಯನ್ನು ಹೋಟೆಲು ಮಾಡಿದ್ದಾರೆ. ಕೋಣೆಗಳಿಗೆ ತಮ್ಮ ತಾತಂದಿರ ಹೆಸರಿಟ್ಟು, ಒಂದು ಕೋಣೆಗೆ ಮಾತ್ರ ಉದಾರವಾಗಿ ‘ಬುಡಕಟ್ಟಿನ ನಾಯಕ’ ಎಂದು ಹೆಸರಿಟ್ಟಿದ್ದಾರೆ. ಅದರ ಕಿಟಕಿ ಅಡುಗೆಮನೆಯ ಕಡೆಗಿದೆ. ನಗಲು ಹೊರಟೆ, ಆದರೆ ದೇವನಹಳ್ಳಿ ಕಡೆಯ ಒಂದು ರೆಸಾರ್ಟು ನೆನಪಾಯಿತು. ಅಲ್ಲಿ ರಾಗಿ ಬೀಸುವ ಕಲ್ಲಿನ ಮುಂದೆ ಸೆಕ್ಯೂರಿಟಿಯವನ ಹೆಂಡತಿಗೆ ಇಳಕಲ್ ಸೀರೆ ಉಡಿಸಿ ಕೂರಿಸಿರುತ್ತಾರೆ. ಆಕೆ ಬೀಸುವುದನ್ನು ನಾನೂ ವಿಡಿಯೋ ಮಾಡಿದ್ದೆ, ಕಲ್ಲಿನೊಳಗೆ ರಾಗಿ ಇತ್ತೋ ಇಲ್ಲವೋ ನೋಡಲಿಲ್ಲ.

ಊಟವಾದ ಮೇಲೆ ದೊನ್ ಎಸ್ತೆಬಾನ್ ಹಿತ್ತಲಿನ ಉದ್ದನೆಯ ಕಟ್ಟಡ ತೋರಿಸಿದರು. ಕಲ್ಲಿನ ಗೋಡೆ, ಮೇಲೆ ಸಣ್ಣ ಕಿಂಡಿಗಳು, ಒಂದೇ ಬಾಗಿಲು. ಇದು ಹಳೆಯ ಕುದುರೆ ಲಾಯ, ಮುಂದಿನ ವರ್ಷ ಇಲ್ಲಿ ಮೈಗೆ ಎಣ್ಣೆ ತಿಕ್ಕುವ ಕೋಣೆಗಳು ಬರುತ್ತವೆ, ಎಣ್ಣೆ ಇಂಡಿಯಾದ್ದು ಎಂದರು. ನನ್ನ ಕಡೆ ತಿರುಗಿ ಅಭಿನಂದಿಸುವಂತೆ ತಲೆಬಾಗಿದರು.

ಗೇಟಿನ ಹತ್ತಿರ ನಿಂತಿದ್ದ ಸೆಗುಂಡೊನ ದೊಡ್ಡಮ್ಮ, ಊರಿನವರ ಮಾಮಾ ರೋಸಾ, ಆಗ ಹಿತ್ತಲಿಗೆ ಬಂದಳು. ಅರವತ್ತು ದಾಟಿದವಳು, ಕುಳ್ಳಗೆ, ಕಪ್ಪು ಶಾಲು ಮಡಿಸಿ ತಲೆಯ ಮೇಲಿಟ್ಟಿದ್ದಳು. ಅವಳು ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ಗ್ಯಾಬ್ರಿಯೆಲಾ ಇಂಗ್ಲಿಷಿನಲ್ಲಿ ಹೇಳಿದಳು, ಅದು ನನ್ನ ತಲೆಯೊಳಗೆ ಇಳಿಯುವಷ್ಟರಲ್ಲಿ ನಮ್ಮೂರಿನ ಕನ್ನಡವಾಯಿತು. ನನ್ನ ನೆನಪಿನಲ್ಲಿ ಮಾಮಾ ರೋಸಾ ದೊಡ್ಡಬಳ್ಳಾಪುರದ ಹೆಂಗಸಿನ ಹಾಗೆಯೇ ಮಾತಾಡುತ್ತಾಳೆ. ನಂಬಬೇಡಿ.

“ಲಾಯ ಅಂತಾರಲ್ಲ, ಯಾವ ಕುದ್ರೆಗೆ ಹೊರಗಿಂದ ಬೀಗ ಹಾಕ್ತಿದ್ರು ಕೇಳಿ. ನಮ್ಮೋರ್ನ ಇಲ್ಲೇ ಕೂಡಿಹಾಕಿ ನೇಯಿಸ್ತಿದ್ರು. ಇಲ್ಲೇ ಸತ್ರು. ಪ್ರತಿ ವರ್ಷ ಸತ್ತೋರ ಹಬ್ಬಕ್ಕೆ ಬಂದು ಅನ್ನ ಇಡ್ತೀವಿ. ನಮ್ಮಜ್ಜಿ ಇಡ್ತಿದ್ಲು, ಅವಳಜ್ಜಿ ಇಡ್ತಿದ್ಲು. ಈಗ ಇವ್ರು ಲಾಯ ಅಂತ ಬರೆಸ್ಕೊಂಡ್ಬಿಟ್ರೆ ಗೇಟು ಹಾಕ್ತಾರೆ. ಲಾಯಕ್ಕೆ ಯಾಕೆ ಅನ್ನ ಇಡ್ತೀರ ಅಂತಾರೆ.”

ಹಬ್ಬಕ್ಕೆ ಕೆಲವೇ ವಾರ ಉಳಿದಿತ್ತು. ಅದಕ್ಕೆ ಮೊದಲು ಪುರಸಭೆಯ ಅಧಿಕಾರಿ ಬಂದು ಸಭೆ ನಡೆಸಿ, ಇದು ಲಾಯವೋ ಒಬ್ರಾಹೆಯೋ ಎಂದು ಬರೆದುಕೊಂಡು ಹೋಗುವವನಿದ್ದ.

ನಾನು ವಿಷಯವನ್ನು ಭಾವನಿಗೆ ಕನ್ನಡದಲ್ಲಿ ಒಪ್ಪಿಸಿದೆ. ಭಾವ ಮಹಾಲಯ ಅಮಾವಾಸ್ಯೆಯ ಎಡೆ ಇಟ್ಟು ಮುಗಿಸಿ ವಿಮಾನ ಹತ್ತಿದವರು. “ಎಡೆ ಇಡಾಕೆ ಜಾಗ ಬೇಡ ಅಂದ್ರೆ ಹೆಂಗಯ್ಯ?” ಎಂದು ದೊನ್ ಎಸ್ತೆಬಾನರನ್ನು ಕನ್ನಡದಲ್ಲೇ ಕೇಳಿದರು. ಅವರು ನಗುತ್ತಾ ಭಾವನ ಲೋಟಕ್ಕೆ ಇನ್ನಷ್ಟು ಹಣ್ಣಿನ ರಸ ಹಾಕಿಸಿದರು.

ನಾವು ಬಾಗಿಲು ದಾಟಿ ಒಳಗೆ ಹೋದೆವು. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ನೆಲದಲ್ಲಿ ಗುಂಡಿಗಳು ಕಂಡವು. ನಮ್ಮೂರಿನ ಯಾವನಿಗಾದರೂ ಆ ಗುಂಡಿ ತೋರಿಸಿ ಏನಿದು ಎಂದು ಕೇಳಿ, ಒಂದೇ ಉತ್ತರ ಬರುತ್ತದೆ. “ಮಗ್ಗದ ಗುಂಡಿ ಭಾವ” ಎಂದೆ. ಹೋಗಿ ಅಂಚಿನಲ್ಲಿ ಕೂತೆ. ಕಾಲು ಇಳಿಬಿಟ್ಟೆ. ಇಲ್ಲದ ಹಲಗೆ ತುಳಿದೆ, ಇಲ್ಲದ ಲಾಳಿ ಎಸೆದೆ. ಕಡಲೆಕಾಯಿ ತಿಂದ ಜಾಗದಲ್ಲಿ ಕೊನೆಗೂ ನೇಯ್ದೆ. ಸಮಾವೇಶದವರೆಲ್ಲ ಫೋನು ಎತ್ತಿದರು. ಬಾಗಿಲ ಹತ್ತಿರ ನಿಂತಿದ್ದ ಮಾಮಾ ರೋಸಾಳ ಮುಖದಲ್ಲಿ ಆಗ ಬಂದದ್ದು ಬೆರಗು ಎಂದು ತಿಳಿದಿದ್ದೆ.

ಯಾರೋ ಕೇಳಿದರು: ತಜ್ಞರೇ, ನಿಮಗೇನನಿಸುತ್ತದೆ? ನಾನು ಇಂಗ್ಲಿಷಿನಲ್ಲಿ ಹೇಳಿದೆ: ಪೀಪಲ್ ಯೂಸ್ಡ್ ಟು ವೀವ್ ಹಿಯರ್, ಇಟ್ ಸೀಮ್ಸ್.

ಇಲ್ಲಿ ನಿಲ್ಲಬೇಕು. ನಾವು ಕನ್ನಡದವರು ಇಂಗ್ಲಿಷಿನಲ್ಲಿ ಇಟ್ ಸೀಮ್ಸ್ ಎಂದರೆ ಅದು ಇಂಗ್ಲಿಷ್ ಅಲ್ಲ. ಅದು ಅಂತೆ. ಅವಳಿಗೆ ಮದುವೆಯಂತೆ, ಈ ಸಲ ಮಳೆ ಇಲ್ಲವಂತೆ. ನಾನು ನೋಡಿಲ್ಲ, ಯಾರೋ ಹೇಳಿದರು, ಸುಳ್ಳಾದರೆ ನನ್ನ ತಲೆಗೆ ಕಟ್ಟಬೇಡಿ ಎನ್ನುವುದನ್ನೆಲ್ಲ ಎರಡಕ್ಷರದಲ್ಲಿ ಹೇಳುವ ಜಾಣತನ. ನಾನು ಹೇಳಿದ್ದು ‘ಇಲ್ಲಿ ಜನ ನೇಯುತ್ತಿದ್ದರಂತೆ’ ಎಂದು. ಅಂದರೆ, ಈ ಹೆಂಗಸು ಈಗ ತಾನೇ ಹಾಗೆಂದಳು ಎಂದು. ಗ್ಯಾಬ್ರಿಯೆಲಾ ಕಲಿತದ್ದು ಪುಸ್ತಕದ ಇಂಗ್ಲಿಷು. ಅವಳು ಫೋನುಗಳ ಕಡೆ ತಿರುಗಿ ಸ್ಪ್ಯಾನಿಷಿನಲ್ಲಿ ಘೋಷಿಸಿದಳು: ಪರಿಶೀಲಿಸಿದ ಮೇಲೆ ತಜ್ಞರ ಅಭಿಪ್ರಾಯವೇನೆಂದರೆ, ಇಲ್ಲಿ ಜನ ನೇಯುತ್ತಿದ್ದರು.

ಸಂಜೆಯೊಳಗೆ ನಾನು ಒತವಾಲೊದ ಎಲ್ಲ ಫೋನುಗಳಲ್ಲೂ ಕಾಲು ಇಳಿಬಿಟ್ಟು ಕೂತಿದ್ದೆ.

ಮಾಮಾ ರೋಸಾಳ ಮನೆ

ಸೆಗುಂಡೊ ಮರುದಿನ ನಮ್ಮನ್ನು ದೊಡ್ಡಮ್ಮನ ಮನೆಗೆ ಕರೆದೊಯ್ದ. ಹುರಿದ ಜೋಳ ಕೊಟ್ಟರು. ಭಾವ ಅದಕ್ಕೆ ಚಟ್ನಿಪುಡಿ ಉದುರಿಸಿ ಎಲ್ಲರಿಗೂ ಹಂಚಿದರು. ಮಾಮಾ ರೋಸಾ ತಿಂದು, “ಖಾರ ಕಮ್ಮಿ” ಎಂದಳು. ಭಾವ ಜೀವಮಾನದಲ್ಲಿ ಇಂಥ ಅವಮಾನ ಅನುಭವಿಸಿರಲಿಲ್ಲ.

ಜಗುಲಿಯಲ್ಲಿ ಅವಳ ಅಪ್ಪ ನೇಯುತ್ತಿದ್ದ ಮಗ್ಗವಿತ್ತು. ಸ್ಪೇನಿನವರು ತಂದ ಮಾದರಿಯದ್ದು. ನಾಲ್ಕು ದಪ್ಪ ಮರದ ಕಾಲಿನ ಮೇಲೆ ಮಂಚದ ಹಾಗೆ ನಿಂತಿತ್ತು. ಕೂರಲು ಅಡ್ಡ ಹಲಗೆ, ತುಳಿಯಲು ನೆಲದಿಂದ ಗೇಣು ಮೇಲೆ ಹಲಗೆಗಳು. ಭಾವ ಬಗ್ಗಿ ಅದರ ಕೆಳಗೆ ನೋಡಿದರು. ಎದ್ದು ನನ್ನನ್ನು ನೋಡಿದರು.

“ಗುಂಡಿ ಎಲ್ಲಯ್ಯ?”

ಗುಂಡಿ ಇರಲಿಲ್ಲ. ಈ ಮಗ್ಗಕ್ಕೆ ಗುಂಡಿ ಬೇಕಿಲ್ಲ. ಲಾಯದಲ್ಲಿ ನೇಯಿಸಿದ್ದೇ ಆದರೆ ಇಂಥ ಮಗ್ಗದಲ್ಲೇ ನೇಯಿಸಿರಬೇಕು. ಹಾಗಾದರೆ ನಾನು ಕಾಲು ಇಳಿಬಿಟ್ಟದ್ದು ಯಾತರೊಳಗೆ? ಬಣ್ಣದ ತೊಟ್ಟಿಯೋ, ಆಲೂಗಡ್ಡೆ ಹೂಳುವ ಹಳ್ಳವೋ, ಕಂಬ ನೆಟ್ಟ ಜಾಗವೋ. “ಅಥ್ವಾ ಕುದ್ರೆ ಉಚ್ಚೆ ಹೋಗಾಕೆ ತೋಡಿದ್ರೋ” ಎಂದರು ಭಾವ, ನನ್ನ ಪೋಂಚೊದ ಅಂಚನ್ನು ಮೂಸಿ.

ನಾನು ಸೆಗುಂಡೊನಿಗೆ ಹೇಳಿದೆ, ಅವನು ಮಾಮಾ ರೋಸಾಗೆ ಹೇಳಿದ. ಅವಳು ಜೋಳ ಅಗಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತು” ಎಂದಳು.

“ಮತ್ತೆ ಯಾಕೆ ಸುಮ್ಮನಿದ್ರಿ?”

“ಗುಂಡೀಲಿ ಕೂತು ನೇಯ್ತಿದ್ರು ಅಂತ ನಾನು ಅಂದ್ನಾ? ಕೂಡಿಹಾಕಿ ನೇಯಿಸ್ತಿದ್ರು ಅಂದೆ. ಕಾಲು ಇಳಿಬಿಟ್ಟೋನು ನೀನು.” ಸ್ವಲ್ಪ ಹೊತ್ತು ಅಗಿದು ಮತ್ತೆ ಹೇಳಿದಳು: “ನಮ್ಮಜ್ಜಿ ಕಾಲ್ದಿಂದ ಹೇಳ್ಕೊಂಡ್ ಬಂದ್ವಿ, ಯಾರೂ ಕೇಳ್ಲಿಲ್ಲ. ನೀನು ಒಂದ್ಸಲ ಕುಂಡೆ ಊರಿದೆ, ಊರೆಲ್ಲ ನಂಬ್ತು. ನಮ್ ಹೆಸ್ರಿಟ್ಕೊಂಡು ಬಂದ ಮೂಲ ಇಂಡಿಯನ್ ಅಂತೆ ನೀನು. ನಾವು ನಕಲಿ ಇಂಡಿಯನ್ನು, ನಮ್ ಮಾತ್ನ ಯಾರ್ ನಂಬ್ತಾರೆ?”

ಭಾವ ನಕ್ಕರು. ಪುರಸಭೆಯ ಸಭೆಗೆ ತಜ್ಞನೆಂದು ನನಗೂ ಕರೆ ಬಂದಿತ್ತು, ಅಲ್ಲಿ ನಿಜ ಹೇಳಬೇಕಾಗುತ್ತದೆ ಎಂದೆ. ದುಭಾಷಿ ಅಂತೆಯನ್ನು ನುಂಗಿದ್ದಾಳೆ ಎಂದು ಸೆಗುಂಡೊಗೆ ವಿವರಿಸಿದೆ. ಅವನು ಖುಷಿಪಟ್ಟ. ಕೀಚ್ವಾದಲ್ಲೂ ಮಾತಿನ ಕೊನೆಗೆ ಅಂಥ ಬಾಲವಿದೆಯಂತೆ, ಹಿರಿಯರು ಕಣ್ಣಾರೆ ಕಾಣದ್ದನ್ನು ಬಾಲ ಹಚ್ಚದೆ ಹೇಳುವುದಿಲ್ಲವಂತೆ. ಕ್ರಿಯಾಪದವೂ ನಮ್ಮ ಹಾಗೆ ಕಡೆಗೇ ಬರುತ್ತದಂತೆ.

“ನಿಂಗೆ ಏನ್ ಗೊತ್ತಿಲ್ವೋ ಅದನ್ನ ನಮ್ ಭಾಷೇಲಿ ಹೇಳೋದು ಕಲ್ಕೋ” ಎಂದಳು ಮಾಮಾ ರೋಸಾ. “ಮಾನಾ ಯಚಾನಿಚು. ಗೊತ್ತಿಲ್ಲ ಅಂತ. ಹಿಂದಿನೋರು ಧಣಿ ಏನ್ ಕೇಳಿದ್ರೂ ಇಷ್ಟೇ ಹೇಳ್ತಿದ್ರಂತೆ. ಕುರಿ ಎಲ್ಲಿ? ಮಾನಾ ಯಚಾನಿಚು. ನಿನ್ನ ಮಗನ್ನ ಎಲ್ಲಿ ಬಚ್ಚಿಟ್ಟೆ? ಮಾನಾ ಯಚಾನಿಚು.”

ನಾನು ಹೇಳಿದೆ. ಅವಳು ತಿದ್ದಿದಳು. ಇನ್ನೊಮ್ಮೆ ಹೇಳಿಸಿದಳು. ಬಾಯಿಪಾಠ ಆಗುವವರೆಗೂ ಬಿಡಲಿಲ್ಲ. ಅಷ್ಟು ಶ್ರದ್ಧೆ ಯಾಕೆ ಎಂದು ಆಗ ಹೊಳೆಯಲಿಲ್ಲ.

ಸಭೆ

ಸಭೆ ನಡೆದದ್ದು ಊರಿನ ಸಮುದಾಯ ಭವನದಲ್ಲಿ. ನಮ್ಮ ಅನುಗೊಂಡನಹಳ್ಳಿ ಕಡೆಯ ಯಾವುದೇ ಪಂಚಾಯಿತಿ ಕಟ್ಟಡದ ಹಾಗೆ ಅದಕ್ಕೂ ಮಾಸಿದ ಹಸಿರು ಬಣ್ಣ, ಪ್ಲಾಸ್ಟಿಕ್ ಕುರ್ಚಿ, ಮಾತು ಶುರುವಾದರೆ ಕಿರುಚುವ ಮೈಕು. ಸೆಗುಂಡೊ ಇರಲಿಲ್ಲ, ಗಡಿಯಾಚೆಯ ಸಂತೆಗೆ ಹೋಗಿದ್ದ. ಮುಂದೆ ಪುರಸಭೆಯ ಅಧಿಕಾರಿ, ಅವನ ಪಕ್ಕದಲ್ಲಿ ದೊನ್ ಎಸ್ತೆಬಾನ್. ಹಿಂದೆ ಊರಿನವರು, ಹೆಂಗಸರೇ ಹೆಚ್ಚು.

ಅಧಿಕಾರಿ ನನ್ನನ್ನು ಎಬ್ಬಿಸಿ ಕೇಳಿದ: ಅಲ್ಲಿ ಮಗ್ಗವಿತ್ತು ಎಂಬುದು ನಿಮ್ಮ ಅಭಿಪ್ರಾಯವೇ?

ನಾನು ಇಟ್ ಸೀಮ್ಸ್ ಎಂಬುದರ ವ್ಯಾಕರಣ ಪಾಠ ಶುರುಮಾಡಿದೆ. ನಮ್ಮ ಭಾಷೆಯಲ್ಲಿ ಹೀಗೆಂದರೆ ಅದು ನನ್ನ ಅಭಿಪ್ರಾಯವಲ್ಲ, ಯಾರೋ ಹೇಳಿದ್ದು ಎಂದರ್ಥ ಎಂದೆ. ಗ್ಯಾಬ್ರಿಯೆಲಾ ಬೆವರುತ್ತಾ ಅನುವಾದಿಸಿದಳು. ತನ್ನ ತಪ್ಪನ್ನು ತಾನೇ ಅನುವಾದಿಸಬೇಕಾಗಿ ಬಂದವಳ ಬಗ್ಗೆ ನನಗೆ ಮರುಕವಾಯಿತು. ಅವಳು ಏನನ್ನು ಅನುವಾದಿಸಿದಳೋ ಅದು ಬೇರೆ ವಿಷಯ.

“ಯಾರು ಹೇಳಿದ್ದು?” ಎಂದು ಕೇಳಿದರು ದೊನ್ ಎಸ್ತೆಬಾನ್, ಮೃದುವಾಗಿ.

“ಮಾಮಾ ರೋಸಾ.”

ಅವರು ಕೈ ಅಗಲಿಸಿ ನಕ್ಕರು. ಹೆಂಗಸು ತಜ್ಞರಿಗೆ ಹೇಳಿದಳು, ತಜ್ಞರು ನಮಗೆ ಹೇಳಿದರು, ಈಗ ತಜ್ಞರ ಮಾತು ಹೆಂಗಸಿಗೆ ಸಾಕ್ಷಿ. ಚಕ್ರ ಎಷ್ಟು ಗುಂಡಗಿದೆ ನೋಡಿ ಎಂದರು. ಅಧಿಕಾರಿಯೂ ನಕ್ಕ. ಪೆನ್ನು ತೆಗೆದ. ಆ ಪೆನ್ನು ‘ಲಾಯ’ ಎಂದು ಬರೆದರೆ ಬರುವ ಹಬ್ಬಕ್ಕೆ ಗೇಟಿನಾಚೆ ನಿಲ್ಲಬೇಕಾದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಭಾವ ನನ್ನ ಅಂಗಿ ಜಗ್ಗಿ, “ಸತ್ಯ ಹೇಳಾಕೆ ಇವತ್ತೇ ಆಗ್ಬೇಕಿತ್ತೇನಯ್ಯ?” ಎಂದರು.

ಆಗ ಮಾಮಾ ರೋಸಾ ಎದ್ದಳು. ಸ್ಪ್ಯಾನಿಷ್ ಬಿಟ್ಟು ಕೀಚ್ವಾದಲ್ಲಿ ಮಾತಾಡತೊಡಗಿದಳು. ಗ್ಯಾಬ್ರಿಯೆಲಾಗೆ ಕೀಚ್ವಾ ಬಾರದು. ದೊನ್ ಎಸ್ತೆಬಾನರ ಮನೆತನ ತಲೆಮಾರುಗಳಿಂದ ಈ ಜನರ ಮಧ್ಯೆ ಇದ್ದರೂ ಅವರಿಗೂ ಬಾರದಂತೆ ಕಂಡಿತು. ಅವರು ಚಾವಣಿ ನೋಡುತ್ತ ಸೌಜನ್ಯದಿಂದ ಕೇಳಿಸಿಕೊಳ್ಳುತ್ತಿದ್ದರು. ಅಧಿಕಾರಿಗೆ ಬರುತ್ತಿತ್ತು ಎಂದು ಕಾಣುತ್ತದೆ, ಅವನ ತಾಯಿ ಈ ಕಡೆಯವಳಂತೆ. ಅವನು ಪೆನ್ನು ಕೆಳಗಿಟ್ಟ. ಮಾಮಾ ರೋಸಾ ಬಹಳ ಹೊತ್ತು ಮಾತಾಡಿದಳು, ಒಮ್ಮೆಯೂ ದನಿ ಏರಿಸಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ಬೆರಳು ತೋರಿಸಿ, ಒಂದು ಪ್ರಶ್ನೆ ಕೇಳಿದಳು. ಪ್ರಶ್ನೆಯೆಂದು ಗೊತ್ತಾದದ್ದು ದನಿಯಿಂದ, ಮತ್ತು ಸಭೆಯೆಲ್ಲ ನನ್ನ ಕಡೆ ತಿರುಗಿದ್ದರಿಂದ.

ನನಗೆ ಆ ಭಾಷೆಯಲ್ಲಿ ಬರುತ್ತಿದ್ದುದು ಒಂದೇ ವಾಕ್ಯ. ಅದು ನಿಜವೂ ಆಗಿತ್ತು.

“ಮಾನಾ ಯಚಾನಿಚು” ಎಂದೆ.

ಭವನವೆಲ್ಲ ಗೊಳ್ಳೆಂದು ನಕ್ಕಿತು. ಮುದುಕರು ತೊಡೆ ತಟ್ಟಿಕೊಂಡರು, ಹೆಂಗಸರು ಶಾಲಿನಿಂದ ಕಣ್ಣು ಒರೆಸಿಕೊಂಡರು, ಆಮೇಲೆ ಚಪ್ಪಾಳೆ. ಅಧಿಕಾರಿ ತುಟಿ ಕಚ್ಚಿ ಹಿಡಿದಿದ್ದವನು ತಡೆಯಲಾರದೆ ನಕ್ಕುಬಿಟ್ಟ. ದೊನ್ ಎಸ್ತೆಬಾನ್ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಏನೆಂದು ಕೇಳಿದರು. ಯಾರೂ ಹೇಳಲಿಲ್ಲ. ಗ್ಯಾಬ್ರಿಯೆಲಾ ನನ್ನನ್ನು ಕೇಳಿದಳು. ನಾನು ದುಭಾಷಿಗೆ ದುಭಾಷಿಯಾಗಿ ಹೇಳಿದೆ: ಗೊತ್ತಿಲ್ಲ ಎಂದೆ.

“ಏನ್ ಕೇಳಿದ್ದಕ್ಕೆ?” ಎಂದರು ಭಾವ.

“ಗೊತ್ತಿಲ್ಲ ಭಾವ.”

ಅಧಿಕಾರಿ ಏನನ್ನೋ ಬರೆದುಕೊಂಡು ಸಭೆ ಮುಗಿಸಿದ. ಅಗೆದು ನೋಡುವವರು ಬರುವ ತನಕ ಕಟ್ಟಡದ ಮೇಲೆ ಯಾವ ಹೆಸರೂ ಇಲ್ಲ, ಅಲ್ಲಿಯವರೆಗೆ ಗೇಟು ಮುಚ್ಚುವಂತಿಲ್ಲ ಎಂದನಂತೆ. ಮಾಮಾ ರೋಸಾ ಹೊರಗೆ ಹೋಗುವಾಗ ನನ್ನ ಪೋಂಚೊದ ಮೇಲಿನ ನೂಲೊಂದನ್ನು ಕಿತ್ತು ಊದಿ, ನಡೆದುಬಿಟ್ಟಳು. ಲಾಯದ ಬಾಗಿಲಲ್ಲಿ ನಾನು ಕಂಡಿದ್ದ ಬೆರಗು ಮತ್ತೆ ಅವಳ ಮುಖದಲ್ಲಿತ್ತು. ಈ ಸಲ ಹತ್ತಿರದಿಂದ ನೋಡಿದೆ. ಅದು ಬೆರಗಲ್ಲ.

ದೊಡ್ಡಬಳ್ಳಾಪುರ

ಆ ಪ್ರಶ್ನೆ ಏನಿರಬಹುದು ಎಂದು ನಾನೂ ಭಾವನೂ ವಾದಿಸಿದ್ದಕ್ಕೆ ಲೆಕ್ಕವಿಲ್ಲ. ‘ಕುದುರೆ ಇತ್ತು ಅಂತ ನಿನಗೆ ಗೊತ್ತಾ?’ ಎಂದಿರಬಹುದು ಎನ್ನುತ್ತೇನೆ ನಾನು. ‘ಇಲ್ಲಿ ನಮ್ಮವರು ಸತ್ತಿಲ್ಲ ಅಂತ ಹೇಳಬಲ್ಲೆಯಾ?’ ಎಂದೂ ಇರಬಹುದು. ಭಾವ ಒಪ್ಪುವುದಿಲ್ಲ. “‘ನಿಂಗೆ ಏನಾದ್ರೂ ಗೊತ್ತೇನಯ್ಯ?’ ಅಂತ ಕೇಳವ್ಳೆ, ಇನ್ನೇನಿಲ್ಲ” ಎನ್ನುತ್ತಾರೆ. ಉತ್ತರ ಮೂರಕ್ಕೂ ಕೂಡುತ್ತದೆ. ಯಾವುದನ್ನು ಕೇಳಿದರೂ ನಾನು ಹೇಳುವುದು ಇಷ್ಟೇ ಎಂದು ತಿಳಿದಿದ್ದವಳು ಅವಳೊಬ್ಬಳೇ. ಸೆಗುಂಡೊನ ಮೂಲಕ ಫೋನಿನಲ್ಲಿ ಕೇಳಿಸಿದೆ. ದೊಡ್ಡಮ್ಮ ಬಹಳ ನಕ್ಕಳು ಎಂದು ಬರೆದು, ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿದ. ಅದು ಭೇಷ್ ಎಂದೋ, ಹೆಬ್ಬೆಟ್ಟು ಎಂದು ನನ್ನನ್ನೇ ಕರೆದದ್ದೋ ತಿಳಿಯಲಿಲ್ಲ.

ಗುಂಡಿಗಳು ಯಾತಕ್ಕಿದ್ದವೋ ಗೊತ್ತಿಲ್ಲ. ಸಾಲಾಗಿದ್ದವೋ ಇಲ್ಲವೋ ಗೊತ್ತಿಲ್ಲ. ಅಲ್ಲಿ ಕೂಡಿಹಾಕಿದ್ದವರ ಒಂದು ಹೆಸರೂ ನನಗೆ ಗೊತ್ತಿಲ್ಲ, ಕೇಳಬೇಕೆಂದು ಅಲ್ಲಿದ್ದಷ್ಟು ದಿನವೂ ಹೊಳೆಯಲಿಲ್ಲ. ಭಾವ ತಮ್ಮ ಶೆಡ್ಡಿನ ಸಿಮೆಂಟು ನೆಲದ ಒಂದು ಜಾಗದಲ್ಲಿ ಕಾಲು ಕುಟ್ಟಿ, “ಇಲ್ಲೇ ಇತ್ತು ಕಣಯ್ಯ ನಮ್ಮಪ್ಪಂದು” ಎನ್ನುತ್ತಾರೆ. ಅಕ್ಕ ಅಲ್ಲ, ಆ ಮೂಲೆಯಲ್ಲಿ ಎನ್ನುತ್ತಾಳೆ.

ಮೊನ್ನೆ ಭಾವ ಮಗ್ಗದ ಸದ್ದಿನ ಮೇಲೆ ಕೂಗಿ ಹೇಳಿದರು: ಈ ವರ್ಷವೂ ಗೇಟು ತೆಗೆದಿದ್ದಾರಂತೆ, ಎಡೆ ಇಟ್ಟರಂತೆ. ಯಾರು ಹೇಳಿದರು ಎಂದು ಕೇಳಿದೆ. ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.